ಕಣ್ಣಿನ ಹಳದಿ

"ಇಲ್ಲಿ ನೋಡಿ," ಎಂದು ಡಾಕ್ಟರು ಟಿವಿ ಪರದೆಯ ಮೇಲೆ ಬೆರಳಿಟ್ಟರು. ವೀರಬಸಪ್ಪ ನೋಡಲಿಲ್ಲ. ಅವನ ಹೆಂಡತಿ ರಾಜೇಶ್ವರಮ್ಮ ಕುರ್ಚಿಯ ಅಂಚಿಗೆ ಸರಿದು ಕತ್ತು ಚಾಚಿದಳು.

"ಪಿತ್ತನಾಳ ಬಂದು ಸಣ್ಣ ಕರುಳಿಗೆ ಸೇರೋ ಬಾಯಿ ಇದು. ಪಕ್ಕದಲ್ಲೇ ಕರುಳಿನ ಗೋಡೆ ಹೊರಗೆ ಉಬ್ಬಿ ಚೀಲದ ಹಾಗಾಗಿದೆ. ವಯಸ್ಸಾದಂತೆ ಕೆಲವರಿಗೆ ಆಗುತ್ತೆ, ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಇವರಿಗೆ ಅದು ನಾಳವನ್ನ ಒತ್ತಿ, ಪಿತ್ತ ಸರಾಗವಾಗಿ ಇಳೀದೆ ಒಳಗೇ ಕಲ್ಲು ಕಟ್ಟಿದೆ. ಪಿತ್ತಕೋಶ ತೆಗೆಸಿದ ಮೇಲೂ ಕಾಮಾಲೆ ಬರ್ತಿದ್ದದ್ದು ಇದಕ್ಕೇ. ಕಲ್ಲು ತೆಗೆದಿದ್ದೀವಿ. ಚೀಲ ಅಲ್ಲೇ ಇರುತ್ತೆ. ಮತ್ತೆ ಚಳಿಜ್ವರ ಬಂದ್ರೆ ತಡ ಮಾಡಬೇಡಿ."

"ಕುಡದಿದ್ದಕ್ಕ ಬಂದಿದ್ದಲ್ಲೇನ್ರಿ?"

"ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಇವರು ಕುಡೀತಾರಾ?"

ರಾಜೇಶ್ವರಮ್ಮ ತಲೆ ತಗ್ಗಿಸಿದಳು.

ವೀರಬಸಪ್ಪನಿಗೆ ಜಡೆ ಎಂಬ ಊರಿನಲ್ಲಿ ಗೊಬ್ಬರದ ಅಂಗಡಿ. ಪಿತ್ತಕೋಶದ ಆಪರೇಷನ್ ಆದ ಮರುವರ್ಷವೇ ಅವನ ಕಣ್ಣು ಮತ್ತೆ ಹಳದಿಯಾದಾಗ, ಶಿಕಾರಿಪುರದಲ್ಲಿದ್ದ ಹೆಂಡತಿಯ ತಮ್ಮ ಜಯಪ್ಪ, "ಭಾವ ಕದ್ದು ಕುಡೀತಾನ," ಎಂದಿದ್ದ. ಕುಡಿದು ಕುಡಿದೇ ಸತ್ತ ತಂದೆಯ ಹಳದಿ ಕಣ್ಣು ಕಂಡಿದ್ದ ರಾಜೇಶ್ವರಮ್ಮ ನಂಬಿದಳು. ವೀರಬಸಪ್ಪ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಆಣೆ ಮಾಡಿದ. "ನಮ್ಮಪ್ಪನೂ ಹಿಂಗ ಆಣಿ ಮಾಡ್ತಿದ್ದ," ಎಂದು ಅವಳು ಒಳಗೆ ಹೋಗಿದ್ದಳು.

ಹೋದ ವರ್ಷ ಮಗಳು ಗಂಗಾಶ್ರೀಯ ಮದುವೆ. "ಬೀಗರು ನಿಮ್ಮ ಕಣ್ಣು ನೋಡಿದ್ರ ಏನಂದಾರು? ಅಡಿಗಿ ಕಡೆ ಇರ್ರಿ," ಎಂದಳು ರಾಜೇಶ್ವರಮ್ಮ. ತಂದೆ ಕೂರಬೇಕಾದ ಜಾಗದಲ್ಲಿ ಜಯಪ್ಪ ಕೂತ. ವೀರಬಸಪ್ಪ ಅನ್ನದ ಹಂಡೆಯ ಪಕ್ಕ ಚಳಿಜ್ವರದಲ್ಲಿ ನಡುಗುತ್ತ ಓಲಗ ಕೇಳಿಸಿಕೊಂಡ. ಗಂಡನ ಮನೆಗೆ ಹೊರಟಾಗ ಮಗಳು ಅವನನ್ನು ಹುಡುಕಲಿಲ್ಲ.

ಆಸ್ಪತ್ರೆ ಮುಗಿಸಿ ಊರಿಗೆ ಮರಳುವಾಗ, ಶಿವಮೊಗ್ಗದಿಂದ ಹೊರಟ ಬಸ್ಸು ಶಿಕಾರಿಪುರ ದಾಟುವವರೆಗೂ ರಾಜೇಶ್ವರಮ್ಮ ಸೆರಗಿನಿಂದ ಕಣ್ಣೊರೆಸುತ್ತಲೇ ಇದ್ದಳು.

"ಜಯಪ್ಪಗ ಫೋನ್ ಮಾಡ್ತೀನ್ರಿ. ಗಂಗಾಗೂ ಹೇಳ್ತೀನಿ. ನಂದು ತಪ್ಪಾತು."

"ಹೇಳು. ಚೀಲದ ಫೋಟೋನೂ ಕಳಸು."

"ಹಂಗ್ಯಾಕ ಮಾತಾಡ್ತೀರಿ?"

"ಲಿಂಗ ಹಿಡಿದು ಹೇಳ್ದಾಗ ನಂಬಲಿಲ್ಲ. ಟಿವಿಯಾಗ ಕರುಳು ನೋಡಿ ನಂಬಿದಿ. ಆ ಚೀಲ ಸಿಗದಿದ್ರ ನಾನು ಸಾಯೋತನಕ ಕುಡುಕನೇ ಅಲ್ಲೇನು?"

ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಶಿರಾಳಕೊಪ್ಪದಲ್ಲಿ ಬಹಳ ಜನ ಇಳಿದರು. ವೀರಬಸಪ್ಪ ಎದ್ದು, ಡ್ರೈವರ್ ಹಿಂದಿನ ಖಾಲಿ ಸೀಟಿನಲ್ಲಿ ಹೋಗಿ ಕೂತ. ಅವನು ಬಿಟ್ಟ ಜಾಗದಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಬಂದ ಮುದುಕಿಯೊಬ್ಬಳು ಕೂತು ಉಸಿರು ಬಿಟ್ಟಳು.

"ಎಲ್ಲಿಗ್ ಹೊಂಟೀಯವ್ವ?"

"ಜಡೆಗೆ."

"ಒಬ್ಬಾಕೀನ?"

ರಾಜೇಶ್ವರಮ್ಮ ಮುಂದಿನ ಸೀಟಿನಲ್ಲಿದ್ದ ನರೆತ ತಲೆಯನ್ನೇ ನೋಡುತ್ತಿದ್ದಳು. ಮುದುಕಿ ಉತ್ತರಕ್ಕೆ ಕಾಯದೆ ಬುಟ್ಟಿಯನ್ನು ಕಾಲ ಬಳಿ ಇಳಿಸಿ, ಬಾಡುತ್ತಿದ್ದ ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು.