ನಾಲ್ಕನೇ ಮಹಡಿಯ ಮೂಲೆ ಕಿಟಕಿ

ಗುರುವಾರ ಸಂಜೆ ಏಳೂ ಇಪ್ಪತ್ತಕ್ಕೆ, ಹದಿನಾಲ್ಕು ಪುಸ್ತಕಗಳ ಪೈಕಿ ಒಂಬತ್ತನೆಯದನ್ನು ತಿದ್ದುತ್ತಿದ್ದ ಟೀಚರ್ ಅದರಲ್ಲಿ ತನ್ನದೇ ಮನೆಯ ವರ್ಣನೆ ಓದಿದಳು.

ಪರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಬಂದು ಅವಳಿಗೆ ಎರಡು ವರ್ಷವಾಗಿತ್ತು. ಬೆಳಿಗ್ಗೆ ಮಕ್ಕಳ ತರಗತಿ, ಸಂಜೆ ದುಡಿಯುವವರ ತರಗತಿ. ಸಂಜೆಯವರಿಗೆ ಆ ವಾರ ಅವಳು ಕೊಟ್ಟ ವಿಷಯ ‘ನಿಮಗೆ ಪರಿಚಯವಿಲ್ಲದ ಒಬ್ಬರ ದಿನಚರಿ’. ಒಂಬತ್ತನೇ ಪುಸ್ತಕ ಕೊನೆಯ ಬೆಂಚಿನವನದು. ಐವತ್ತು ದಾಟಿದ ಆತ ಬಾಯಿ ಬಿಡುತ್ತಿದ್ದುದು ಹಾಜರಿ ಹೇಳಲು ಮಾತ್ರ. ತರಗತಿಯವರು ಮೌನಿ ಎಂದು ಹೆಸರಿಟ್ಟಿದ್ದರು.

ಮೊದಲ ಪುಟ ಹೀಗಿತ್ತು: ‘ಕಟ್ಟಡಕ್ಕೆ ಆರು ಮಹಡಿ. ನನಗೆ ನಾಲ್ಕನೇ ಮಹಡಿಯ ಮೂಲೆ ಕಿಟಕಿ ಇಷ್ಟ. ಒಳಗೆ ಹಳದಿ ಕುರ್ಚಿ ಇದೆ. ಮಂಚದ ಮೇಲೆ ಹದಿನಾರು ಚೌಕದ ಹೊದಿಕೆ ಇದೆ. ಕ್ಯಾಲೆಂಡರಿನಲ್ಲಿ ಹತ್ತೊಂಬತ್ತನೇ ತಾರೀಕಿಗೆ ಕೆಂಪು ಸುತ್ತು ಇದೆ.’

ಅದೇ ಹಾಳೆಯ ಹಿಂಬದಿ: ‘ಅಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಒಂದು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಇದೆ. ಅವಳು ಒಬ್ಬಳೇ ಮಾತಾಡುತ್ತಾಳೆ. ನನ್ನ ಕಡೆ ನೋಡುತ್ತಾಳೆ, ಆದರೆ ನೋಡುವುದಿಲ್ಲ. ಒಮ್ಮೆ ಕೈ ಬೀಸಿದಳು.’

ಅಜ್ಜಿ ಎಂದರೆ ಈಕೆಯ ಅತ್ತೆ, ಹಡಗಿನಲ್ಲಿ ದುಡಿಯುವ ಗಂಡನ ತಾಯಿ. ಮನೆ ಅವಳು ಕಲಿಸುವ ಸಂಸ್ಥೆಯದು, ಒಬ್ಬರಿಗೆ ಮಾತ್ರ ಎಂದು ಕೊಟ್ಟದ್ದು. ನೆಂಟರು ಏಳು ದಿನಕ್ಕಿಂತ ಹೆಚ್ಚು ಉಳಿಯಬಾರದು ಎನ್ನುತ್ತದೆ ಕರಾರಿನ ಹನ್ನೊಂದನೇ ಕಲಮು. ಅತ್ತೆ ಕಣ್ಣಿನ ಚಿಕಿತ್ಸೆಗೆಂದು ಬಂದು ಐವತ್ತೆರಡು ದಿನವಾಗಿತ್ತು. ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು. ಇನ್ನೊಂದರದು ಹತ್ತೊಂಬತ್ತಕ್ಕೆ, ಅಂದರೆ ಇನ್ನು ಹದಿನೈದು ದಿನ. ಇದೇ ಮನೆಯಲ್ಲಿ ಹಿಂದೆ ಇದ್ದ ಟೀಚರ್ ತನ್ನ ತಮ್ಮನನ್ನು ಇಟ್ಟುಕೊಂಡದ್ದಕ್ಕೆ ಮನೆಯನ್ನೂ ಕೆಲಸವನ್ನೂ ಕಳೆದುಕೊಂಡು ಊರಿಗೆ ಹೋಗಿದ್ದಳು. ಆದ್ದರಿಂದ ಈಕೆ, ಒಳಗೆ ಯಾರೂ ಇಲ್ಲವೆಂದು ತೋರಲಿ ಎಂದು, ಬೆಳಿಗ್ಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು.

ಮನೆಗೆ ಹೋಗುವ ಮೊದಲು ಬೀದಿಯಲ್ಲಿ ಮೂರು ಕಡೆ ನಿಂತು ಕತ್ತೆತ್ತಿ ನೋಡಿದಳು. ಎಲ್ಲಿಂದ ನೋಡಿದರೂ ತನ್ನ ಕೋಣೆಯ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎದುರಿಗಿದ್ದದ್ದು ಎರಡೇ ಮಹಡಿಯ ಗ್ಯಾರೇಜು. ಹಾಗಾದರೆ ಆತ ಒಳಗೆ ಬಂದೇ ನೋಡಿದ್ದಾನೆ.

“ಅತ್ತೆ, ನಾನಿಲ್ಲದಾಗ ಯಾರಾದ್ರೂ ಬಂದಿದ್ರಾ?”

“ಯಾರು ಬರ್ತಾರೆ? ನಿನ್ನ ಗಂಡನೇ ಎಂಟು ತಿಂಗಳಿಂದ ಬಂದಿಲ್ಲ.”

“ತಮಾಷೆ ಬೇಡ. ಬಾಗಿಲು ತೆಗೆದ್ರಾ?”

“ಬೀಗ ಹಾಕ್ಕೊಂಡು ಹೋಗೋಳು ನೀನು. ಜೈಲಲ್ಲಾದ್ರೂ ವಾರಕ್ಕೊಮ್ಮೆ ಮಾತಾಡ್ಸೋಕೆ ಬರ್ತಾರೆ.”

ಟೀಚರ್ ಎರಡೂ ಪುಟಗಳನ್ನು ಕನ್ನಡದಲ್ಲಿ ಹೇಳಿದಳು. ಅತ್ತೆ ಹಳದಿ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಒಬ್ಬಳೇ ಮಾತಾಡ್ತಾಳಂತಾ? ನಾನು ನಿಮ್ಮಾವನ ಹತ್ರ ಮಾತಾಡ್ತೀನಿ. ಬದುಕಿದ್ದಾಗ ಕಿವಿಗೆ ಹಾಕ್ಕೊಳ್ಲಿಲ್ಲ, ಈಗ್ಲಾದ್ರೂ ಕೇಳ್ಲಿ.” ಮತ್ತೆ ಸೇರಿಸಿದರು: “ನಮ್ಮ ಮೇಲೆ ಕಣ್ಣಿಡೋಕೆ ಇವನನ್ನ ಯಾರೋ ಬಿಟ್ಟಿದ್ದಾರೆ ಕಣೇ. ಅವನು ಬಾಯಿ ಬಿಡೋಕೆ ಮುಂಚೆ ನೀನೇ ದೂರು ಕೊಡು. ಮೊದಲು ಅತ್ತವರದ್ದೇ ನ್ಯಾಯ.”

ಶುಕ್ರವಾರ ಅವಳು ದಾಖಲಾತಿ ಪುಸ್ತಕ ತೆಗೆದು ನೋಡಿದಳು. ಮೌನಿಯ ಹೆಸರಿನ ಮುಂದೆ, ಉದ್ಯೋಗದ ಕಾಲಮ್ಮಿನಲ್ಲಿ, ‘ಗುತ್ತಿಗೆ ಕೆಲಸ’ ಎಂದಷ್ಟೇ ಇತ್ತು. ಯಾರ ಗುತ್ತಿಗೆ, ಯಾವ ಕೆಲಸ, ಇರಲಿಲ್ಲ. ತರಗತಿ ಮುಗಿದ ಮೇಲೆ ಆತ ಮೇಜಿನ ಬಳಿ ಬಂದು ನಿಂತ. ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು. ಸೋಪಿನ ವಾಸನೆ ಬರುತ್ತಿತ್ತು.

“ಮೇಡಂ, ನನ್ನ ಪುಸ್ತಕ?”

“ಇನ್ನೂ ತಿದ್ದಿಲ್ಲ.”

“ಆ ಮನೆ ವಿಷ್ಯ ಓದಿದ್ರಾ?”

“ಹೂಂ.”

“ಇನ್ನೂ ತುಂಬ ಇದೆ. ನೀವು ಹೇಳಿದ್ರೆ ಬರೀತೀನಿ. ಬೇಡ ಅಂದ್ರೆ ನಿಲ್ಲಿಸ್ತೀನಿ.”

ಐದು ತಿಂಗಳಲ್ಲಿ ಆತ ಅಷ್ಟು ಮಾತಾಡಿದ್ದು ಅದೇ ಮೊದಲು. ಬೆದರಿಸುವವರು ಹೀಗೇ ಮೆತ್ತಗೆ ಮಾತಾಡುತ್ತಾರೆ ಎಂದುಕೊಂಡಳು. ಮೂರು ರಾತ್ರಿ ಬಾಗಿಲಿಗೆ ಕುರ್ಚಿ ಆನಿಸಿಟ್ಟು ಮಲಗಿದಳು.

ಸೋಮವಾರ ಬೆಳಿಗ್ಗೆ ಮೊದಲ ಪುಟವನ್ನು ಮಾತ್ರ ಜೆರಾಕ್ಸ್ ಮಾಡಿಸಿ ಸಂಸ್ಥೆಯ ನಿರ್ದೇಶಕರಿಗೆ ಕೊಟ್ಟಳು. ಒಂಟಿ ಹೆಂಗಸಿನ ಮನೆಯೊಳಗೆ ವಿದ್ಯಾರ್ಥಿಯೊಬ್ಬ ಇಣುಕುತ್ತಿದ್ದಾನೆ ಎಂದು ಬರೆದುಕೊಟ್ಟಳು. ಹಿಂಬದಿಯ ಅಜ್ಜಿ ಅವಳ ಚೀಲದಲ್ಲೇ ಉಳಿದಳು.

ಸಂಜೆ ಆರಕ್ಕೆ ನಿರ್ದೇಶಕರು ಮೌನಿಯನ್ನು ಕರೆಸಿದರು. ಟೀಚರೂ ಅಲ್ಲಿದ್ದಳು.

“ಇದನ್ನ ನೀವು ಎಲ್ಲಿಂದ ನೋಡಿದ್ರಿ?”

“ಹಗ್ಗದ ಮೇಲಿಂದ ಸರ್. ನಾನು ಕಿಟಕಿ ಒರೆಸೋನು. ಸೊಂಟಕ್ಕೆ ಹಗ್ಗ ಕಟ್ಕೊಂಡು ಮೇಲಿಂದ ಇಳೀತೀನಿ. ಆ ಕಟ್ಟಡಕ್ಕೆ ಹದಿನೈದು ದಿನಕ್ಕೊಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ.”

ಎರಡು ವರ್ಷ ಆ ಮನೆಯಲ್ಲಿದ್ದ ಟೀಚರ್ ಗಾಜು ಯಾರು ಒರೆಸುತ್ತಾರೆಂದು ಯಾರನ್ನೂ ಕೇಳಿರಲಿಲ್ಲ. ಆ ಹೊತ್ತಿಗೆ ಅವಳು ಮಕ್ಕಳ ತರಗತಿಯಲ್ಲಿರುತ್ತಿದ್ದಳು.

“ಕೆಲಸಕ್ಕೆ ಹೋದವರು ಕೆಲಸ ಮಾಡ್ಬೇಕು,” ಎಂದರು ನಿರ್ದೇಶಕರು. “ಅದು ಮೇಡಂ ಇರೋ ಮನೆ. ಅವರು ಒಬ್ರೇ ಇರ್ತಾರೆ.”

“ಇಲ್ಲ ಸರ್, ಮೇಡಂ ಅಲ್ಲ. ಅಲ್ಲಿರೋದು ಒಬ್ಬರು ಅಜ್ಜಿ. ಎರಡು ತಿಂಗಳಿಂದ ಅವರನ್ನೇ ನೋಡ್ತಿದ್ದೀನಿ. ಹಿಂದ್ಗಡೆ ಪೂರ್ತಿ ಬರ್ದಿದ್ದೀನಲ್ಲ.”

ಮೇಜಿನ ಮೇಲಿದ್ದ ಜೆರಾಕ್ಸ್ ಹಾಳೆಯನ್ನು ಆತ ತಿರುಗಿಸಿದ. ಹಿಂಬದಿ ಖಾಲಿ ಇತ್ತು. ಆತ ಟೀಚರ್ ಮುಖ ನೋಡಿದ, ಮತ್ತೆ ಹಾಳೆ ನೋಡಿದ.

“ಬೇರೆ ಕಟ್ಟಡ ಇರ್ಬಹುದು ಸರ್,” ಎಂದ. “ನೇತಾಡ್ತಾ ಇರ್ತೀನಿ. ಮಹಡಿ ಲೆಕ್ಕ ತಪ್ಪುತ್ತೆ.”

“ಮೇಡಂ,” ಎಂದರು ನಿರ್ದೇಶಕರು, “ಆ ಪುಸ್ತಕ ಕೊಡಿ.”

ನಲವತ್ತೆಂಟು ಗಂಟೆಯೊಳಗೆ ಮನೆ ಬಿಡಬೇಕೆಂದು ಆದೇಶವಾಯಿತು. ಪರೀಕ್ಷೆ ಹತ್ತಿರವಿದ್ದುದರಿಂದ ಅವಧಿ ಮುಗಿಯುವವರೆಗೆ ಕೆಲಸ ಉಳಿಯಿತು. ಆಮೇಲಿನದನ್ನು ಆಮೇಲೆ ನೋಡೋಣ ಎಂದರು.

“ಕಿಟಕಿ ಒರೆಸೋನಾ?” ಎಂದರು ಅತ್ತೆ, ಹೊದಿಕೆ ಮಡಚುತ್ತ. “ನಾನು ಪಾರಿವಾಳ ಅಂದ್ಕೊಂಡು ಓಡಿಸಿದ್ನಲ್ಲೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿಂದು.”

“ದೂರು ಕೊಡು ಅಂದಿದ್ದು ನೀವೇ ಅಲ್ವಾ ಅತ್ತೆ?”

“ಒಂದೂ ಕಣ್ಣು ನೆಟ್ಟಗೆ ಕಾಣದವಳ ಹತ್ರ ದಾರಿ ಕೇಳ್ತಾರಾ ಯಾರಾದ್ರೂ?”

ಬುಧವಾರ ಮಧ್ಯಾಹ್ನ ಇಬ್ಬರೂ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಗೆ ಹೋದರು. ಅದಕ್ಕೆ ಕಿಟಕಿ ಇರಲಿಲ್ಲ. ಹತ್ತೊಂಬತ್ತಕ್ಕೆ ಎರಡನೇ ಕಣ್ಣಿನ ಪೊರೆಯನ್ನೂ ತೆಗೆದರು. ಟೀಚರ್ ಮೌನಿಯ ಪ್ರಬಂಧಕ್ಕೆ ಇಪ್ಪತ್ತಕ್ಕೆ ಹದಿನೇಳು ಅಂಕ ಹಾಕಿ, ನಿರ್ದೇಶಕರಿಂದ ವಾಪಸು ಬಂದ ಪುಸ್ತಕವನ್ನು ಕೊನೆಯ ಬೆಂಚಿನ ಮೇಲಿಟ್ಟಳು. ಆ ಸೋಮವಾರದ ನಂತರ ಆತ ತರಗತಿಗೆ ಬರಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಆತನ ಹೆಸರಿನ ಮುಂದೆ ಹನ್ನೊಂದು ಗೈರುಹಾಜರಿ ದಾಖಲಾಗಿದ್ದವು.