ಕೊಯ್ತಾದ ಗೀರು

“ಇದರ ಮ್ಯಾಲಿನ ಗಾಯ ನನ್ನ ಕೊಯ್ತಾದ್ದು ಐತ್ರಿ, ಸಾಹೇಬ್ರ,” ಎಂದಳು ಮೀನು ಮಾರುವ ಶೇವಂತಾ, ಪಕ್ಕದಲ್ಲಿದ್ದ ಮೀನುಗತ್ತಿಯ ಕಡೆ ಕಣ್ಣು ತೋರಿಸಿ. ಕಲ್ಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬಿಸಿಲಿಗೆ ತಿರುಗಿಸಿ ನೋಡುತ್ತಿದ್ದಳು. ಅವಳ ಬೆರಳಿಗೆ ಮೀನಿನ ಪರೆ ಮೆತ್ತಿಕೊಂಡಿತ್ತು.

ಜಯಪಾಲನಿಗೆ ಸಿಟ್ಟು ಬಂತು. ಅದು ಆರೂವರೆ ಕೋಟಿ ವರ್ಷದ ಹಿಂದಿನ ಮೀನಿನ ಕಿವಿಗಲ್ಲು. ಪ್ರತಿ ಮೀನಿನ ತಲೆಯೊಳಗೂ ಕಿವಿಯ ಜಾಗದಲ್ಲಿ ಇಂಥ ಕಲ್ಲುಗಳಿರುತ್ತವೆ. ಮೀನು ಕೊಳೆತು ಹೋದರೂ ಅವು ಉಳಿಯುತ್ತವೆ. ಐಗಳಿಯ ಒಂದು ಬಾವಿಯ ತಳದಲ್ಲಿ ಸಿಕ್ಕಿದ್ದ ಈ ಕಲ್ಲಿನ ಫೋಟೊ ಪರದೇಶದ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಅದರ ಬಲದಿಂದಲೇ ಅವನಿಗೆ ಡಾಕ್ಟರೇಟ್ ಬಂದಿತ್ತು, ಚಿಕ್ಕೋಡಿಯ ಕಾಲೇಜಿನಲ್ಲಿ ನೌಕರಿ ಸಿಕ್ಕಿತ್ತು. ಬರುವ ಭಾನುವಾರ, ಅಲ್ಲಿಯೇ ವಿಭಾಗದ ಮುಖ್ಯಸ್ಥರಾಗಿದ್ದ ಅವನ ಗುರುಗಳು ವಿರುಪಾಕ್ಷಪ್ಪ ಸರ್ ಅವರಿಗೆ ನಿವೃತ್ತಿಯ ಸತ್ಕಾರ. ಪ್ರದರ್ಶನದ ಮೇಜಿನ ಮೇಲೆ ಹಳೆಯ ಕಲ್ಲಿನ ಪಕ್ಕ ಈಗಿನ ಮೀನಿನ ಕಲ್ಲೊಂದನ್ನು ಇಟ್ಟರೆ ಬಂದವರಿಗೆ ತಿಳಿದೀತೆಂದು, ಅಳತೆಗೆ ಸರಿಹೋಗುವ ಮೀನಿನ ತಲೆ ಕೇಳಲು ಉಗಾರದ ಸಂತೆಗೆ ಬಂದಿದ್ದ.

“ಶೇವಂತಾಬಾಯಿ, ಇದು ಬಾವ್ಯಾಗ ಸಿಕ್ಕದ್ದು. ಭಾಳ ಭಾಳ ಹಳೇದು.”

“ಇದು ಬಾವ್ಯಾಗ ಯಾಕ ಹೋತ್ರಿ? ಇದು ಘೋಳ. ದರಿಯಾದ ಮೀನ, ಸಮುದ್ರದ್ದು. ಮಿರಜೀಂದ ಬರ್ಫದಾಗ ಹಾಕ್ಕೊಂಡ ನಾನs ತರ್ತೀನಿ. ನೋಡ್ರಿ ಇಲ್ಲೆ.”

ಅವಳು ಬುಟ್ಟಿಯಿಂದ ದೊಡ್ಡದೊಂದು ತಲೆ ತೆಗೆದು ಕೊರಡಿನ ಮೇಲೆ ಎಂದಿನಂತೆ ಎಡಗೆನ್ನೆ ಕೆಳಗಾಗಿ ಇಟ್ಟಳು. ಜಯಪಾಲ ರೂಢಿಯಂತೆ ನೀಲಗಿರಿ ಎಣ್ಣೆ ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಒತ್ತಿ ಬೆನ್ನು ತಿರುಗಿಸಿದ.

“ಇವತ್ತರೆ ಇತ್ತಾಗ ತಿರಗ್ರಿ! ಎಂಟ್ ವರ್ಷಾತು, ನಾ ಕೊಯ್ತಾ ಎತ್ತಿದ ಕೂಡ್ಲೇ ಬೆನ್ನ ತೋರಸ್ತೀರಿ.”

ಅದು ನಿಜ. ಜೈನರ ಮನೆಯ ಹುಡುಗ. ಮೀನಿನ ಕೆಲಸ ಮಾಡಿ ಬಂದ ದಿನ ತಾಯಿ ಕಮಲಾಬಾಯಿ ಅವನನ್ನು ದನದ ಕೊಟ್ಟಿಗೆಯಲ್ಲಿ ಸ್ನಾನ ಮಾಡಿಸಿಯೇ ಒಳಗೆ ಬಿಡುತ್ತಿದ್ದಳು. ಎಂಟು ವರ್ಷದಲ್ಲಿ ಸಾವಿರಾರು ಕಿವಿಗಲ್ಲು ಅಳೆದಿದ್ದ, ಆದರೆ ಒಂದು ಮೀನಿನ ತಲೆ ಒಡೆಯುವುದನ್ನು ಕಣ್ಣಿಟ್ಟು ನೋಡಿರಲಿಲ್ಲ. ಹಳೆಯವುಗಳ ಜೊತೆ ಹೋಲಿಸಲು ಬೇಕಾದ ಈಗಿನ ಕಲ್ಲುಗಳಿಗಾಗಿ ಶೇವಂತಾಳೇ ತಲೆ ಒಡೆದು, ಕಲ್ಲು ಕಿತ್ತು, ತೊಳೆದು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಅವನು ಆ ಪೊಟ್ಟಣವನ್ನು ಬಿಚ್ಚದೆ ಒಯ್ದು ಸರ್ ಕೈಗೆ ಕೊಡುತ್ತಿದ್ದ.

ಈಗ ತಿರುಗಿ ನಿಂತ. ಕೊಯ್ತಾ ಓರೆಯಾಗಿ ಇಳಿಯಿತು. ಬಿಳಿ ಲೋಳೆ, ರಕ್ತ, ಒಂದು ಕಣ್ಣು ಕೊರಡಿನ ಮೇಲೆ ಹರಿದವು. ಶೇವಂತಾ ಉಗುರಿನಿಂದ ಒಳಗೆ ಕೆದಕಿ ಎರಡು ಕಲ್ಲು ತೆಗೆದು ಸೆರಗಿಗೆ ಒರೆಸಿ ಅವನ ಅಂಗೈಗೆ ಹಾಕಿದಳು. ಎಡಗಡೆಯದು ನುಣ್ಣಗೆ ಇತ್ತು. ಬಲಗಡೆಯದರ ಅಂಚಿನ ಮೇಲೆ ಓರೆಯಾದ, ಆಳವಾದ ಒಂದು ಗೀರು ಬಿದ್ದಿತ್ತು.

ಪ್ರಬಂಧದ ಅರವತ್ತೆರಡನೆಯ ಪುಟ ಜಯಪಾಲನಿಗೆ ಬಾಯಿಪಾಠವಾಗಿತ್ತು. ‘ಬಲ ಅಂಚಿನಲ್ಲಿ ಓರೆಯಾದ ಆಳ ಗೀರು; ಇದು ಈ ಹೊಸ ಜಾತಿಯ ಮುಖ್ಯ ಲಕ್ಷಣ.’ ಆ ಜಾತಿಗೆ ಅವನು ಗುರುಗಳ ಹೆಸರನ್ನೇ ಇಟ್ಟಿದ್ದ. ಬಾವಿಯಲ್ಲಿ ಸಿಕ್ಕ ಆ ಜಾತಿಯ ಒಂಬತ್ತು ಕಲ್ಲುಗಳೂ ಬಲಗಡೆಯವೇ ಆಗಿದ್ದವು. ಎಡಗಡೆಯ ಒಂದೂ ಯಾಕೆ ಇಲ್ಲ ಎಂಬುದಕ್ಕೂ ಅವನು ಒಂದೂವರೆ ಪುಟ ಬರೆದಿದ್ದ: ಆ ಕಾಲದ ನೀರಿನ ಸೆಳವು ಅವನ್ನು ಬೇರೆ ಕಡೆ ಒಯ್ದಿರಬೇಕು ಎಂದು. ಪರೀಕ್ಷಕರು ಆ ಒಂದೂವರೆ ಪುಟವನ್ನು ವಿಶೇಷವಾಗಿ ಹೊಗಳಿದ್ದರು. ಅವರೂ ಮೀನು ಮುಟ್ಟದ ಮನೆತನದವರೇ. ಸಂತೆಯಲ್ಲಿ ನಿಂತು ಮೀನು ಕೊಂಡ ಯಾವ ಕೂಲಿಯವನಿಗೆ ತೋರಿಸಿದ್ದರೂ ನಕ್ಕುಬಿಡುತ್ತಿದ್ದ. ಇಷ್ಟು ಓದಿದವರ ದೊಡ್ಡ ಗುಂಪಿನಲ್ಲಿ ಒಬ್ಬನಿಗೂ ಮೀನಿನ ತಲೆ ಹೇಗೆ ಕತ್ತರಿಸುತ್ತಾರೆಂದು ಗೊತ್ತಿರಲಿಲ್ಲ. ಥೂ.

ಚಿಕ್ಕೋಡಿಗೆ ಬಂದವನೇ ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡ. ಒಂಬತ್ತರಲ್ಲಿ ಒಂದನ್ನು ಮುರಿದು ಚೂರನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿದ. ಕೋಟಿಗಟ್ಟಲೆ ವರ್ಷ ಮಣ್ಣಿನಲ್ಲಿದ್ದ ಕಲ್ಲು ಸುಟ್ಟರೆ ವಾಸನೆ ಬರುವುದಿಲ್ಲ. ಇದು ಕಂದಾಗಿ, ಕಪ್ಪಾಗಿ, ಸುಟ್ಟ ಕೂದಲಿನ ವಾಸನೆ ಬಿಟ್ಟಿತು.

ಖರೆ ಕಲ್ಲುಗಳೂ ಇದ್ದವು ಎಂಬುದೇ ಇದರಲ್ಲಿನ ಸಂಕಟ. ಐಗಳಿಯ ಧರೆಪ್ಪನ ಹೊಲದ ಬಾವಿಯಲ್ಲಿ ಕರಿಕಲ್ಲಿನ ಎರಡು ಪದರಗಳ ನಡುವೆ ಬೂದುಬಣ್ಣದ ಮಣ್ಣಿನ ಒಂದು ಗೆರೆ ಇತ್ತು. ಒಂದಾನೊಂದು ಕಾಲದ ಕೆರೆಯ ತಳ ಅದು. ಜಯಪಾಲ ಎರಡೂವರೆ ವರ್ಷ ಆ ಮಣ್ಣನ್ನು ಚೀಲಗಟ್ಟಲೆ ಹೊತ್ತು, ಜರಡಿ ಹಿಡಿದು, ಕೂದಲಿನ ಕುಂಚದಿಂದ ಆರಿಸಿದ್ದ. ಎಳ್ಳುಕಾಳಿನಷ್ಟು ಸಣ್ಣ ಹನ್ನೊಂದು ಕಿವಿಗಲ್ಲು ಸಿಕ್ಕಿದ್ದವು. ಆಮೇಲೆ ಅವನು ಟೈಫಾಯ್ಡ್ ಬಂದು ಮಲಗಿದಾಗ ಸರ್ ತಾವೇ ತೊಳೆದ ಒಂದು ಚೀಲ ಮಣ್ಣಿನಲ್ಲಿ ಈ ಒಂಬತ್ತು ದೊಡ್ಡವು ಬಂದವು. ಐಗಳಿಯವರೆಗೆ ಸಮುದ್ರ ಬಂದಿತ್ತು ಎಂದು ಸರ್ ಬರೆದರು. ಜಯಪಾಲ ಜ್ವರದಲ್ಲೇ ಎದ್ದು ಕೂತು ಸಂತೋಷದಿಂದ ಅತ್ತಿದ್ದ. ಹನ್ನೊಂದು ಎಳ್ಳುಕಾಳುಗಳು ಪ್ರಬಂಧದ ಕೊನೆಗೆ ಒಂದು ಅನುಬಂಧವಾದವು.

ಅವನು ಗುರುಗಳ ಮನೆಗೆ ಹೋದಾಗ ವಿರುಪಾಕ್ಷಪ್ಪ ಸರ್ ಕನ್ನಡಿ ಮುಂದೆ ನಿಂತು ಸತ್ಕಾರದ ಜರತಾರಿ ರುಮಾಲನ್ನು ಸುತ್ತಿ ನೋಡುತ್ತಿದ್ದರು. ಅವರ ಹೆಂಡತಿ ಗೌರಾಬಾಯಿ ಅವಲಕ್ಕಿ ತಂದಿಟ್ಟು ಒಳಗೆ ಹೋದರು. ಜಯಪಾಲ ಬಾವಿಯ ಒಂದು ಕಲ್ಲನ್ನೂ ಶೇವಂತಾ ಕೊಟ್ಟ ಗೀರಿನ ಕಲ್ಲನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಸರ್ ಅವನ್ನೇ ನೋಡಿದರು. ರುಮಾಲು ಮಾತ್ರ ತೆಗೆಯಲಿಲ್ಲ.

“ಚಹಾದಾಗ ಕುದಿಸಿದ್ದೆ,” ಎಂದರು. “ಉಸುಕಿನಾಗ ತಿಕ್ಕಿ, ಆಮ್ಯಾಲೆ ಒಂದ ತಿಂಗಳ ಅದs ಬಾವಿ ಮಣ್ಣಾಗ ಹುಗದಿಟ್ಟಿದ್ದೆ. ನೀ ತಂದ ಪೊಟ್ಟಣದಾಗ ಚಲೋವು ನಿನ್ನ ಟ್ರೇಕ್ಕ ಹಾಕಿ, ಗೀರ ಬಿದ್ದವಷ್ಟs ತಗೊಂಡೆ. ಕೆಟ್ಟವು ಕಡಿಮಿ ಆದ್ರ ಯಾರ ಕೇಳ್ತಾರಂತ.”

“ಯಾಕ್ರಿ, ಸರ್?”

“ನಿನ್ನ ಸಲುವಾಗೆಪಾ! ಹನ್ನೊಂದ ಎಳ್ಳಕಾಳ ಹಿಡಕೊಂಡ ಹೋಗಿದ್ರ ಯಾವಾಂವ ನಿನ್ನ ಕಡೆ ನೋಡ್ತಿದ್ದ? ನೌಕರಿ ಎಲ್ಲಿಂದ ಬರ್ತಿತ್ತು?”

“ಅವು ಖರೇವ ಇದ್ದು, ಸರ್.”

“ಸುಳ್ಳಂತ ನಾ ಅಂದ್ನೇನು?” ಸರ್ ಕುರ್ಚಿಯಲ್ಲಿ ಕೂತರು. “ಈಗ ನೀ ಪತ್ರಿಕಾದವರಿಗೆ ಬರೀತಿ. ಬರಿ. ನನ್ನ ಪೆನ್ಷನ್ ಹೋಗಬಹುದು, ನಿನ್ನ ಡಾಕ್ಟರೇಟ್ ಹೋಗ್ತೈತಿ, ಬರೂ ತಿಂಗಳ ಬರೂ ಮುಖ್ಯಸ್ಥನ ಕುರ್ಚಿ ಹೋಗ್ತೈತಿ. ಅದೆಲ್ಲಾ ಇರ್ಲಿ. ನಿನ್ನ ಹನ್ನೊಂದೂ ಹೋಗ್ತಾವ. ಸುಳ್ಳಿನ ಬಾವಿ ಅಂತ ಒಮ್ಮೆ ಹೆಸರ ಬಿದ್ದ ಮ್ಯಾಲೆ ಅದರಾಗಿನ ಖರೇದನ್ನ ಯಾರ ನಂಬ್ತಾರ? ಸುಮ್ಮನಿದ್ರ ಅವಾದ್ರೂ ಉಳೀತಾವ. ಅವಲಕ್ಕಿ ತಿನ್ನು, ಆರತಾವ.”

ಜಯಪಾಲ ತಟ್ಟೆ ಎತ್ತಿಕೊಂಡು ತಿಂದ. ಗುರುಗಳು ತಿನ್ನು ಎಂದರೆ ತಿನ್ನುವುದು ಅವನಿಗೆ ರೂಢಿಯಾಗಿತ್ತು. ಮೂರನೆಯ ತುತ್ತಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆದು, ಅವರ ಮೇಲೆ ಬಂದದ್ದಕ್ಕಿಂತ ದೊಡ್ಡ ಹೇಸಿಗೆ ತನ್ನ ಮೇಲೇ ಬಂತು.

ಭಾನುವಾರ ಸಭಾಭವನ ತುಂಬಿತ್ತು. ಜಯಪಾಲನೇ ಸ್ವಾಗತ ಭಾಷಣ ಮಾಡಿದ. ಮಾಡಬಾರದೆಂದುಕೊಂಡು ಹೋಗಿದ್ದ, ಹೆಸರು ಕೂಗಿದ ಕೂಡಲೇ ಕಾಲುಗಳು ತಾವೇ ಎದ್ದವು. ಗುರುಗಳು ಕಲ್ಲನ್ನೂ ಮಾತಾಡಿಸಿದವರು ಎಂದ. ಚಪ್ಪಾಳೆ ಬಿತ್ತು. ಹಾರ ಹಾಕಲು ಬಾಗಿದಾಗ ಸರ್ ಅವನ ಕಿವಿಯಲ್ಲಿ ಮೆಲ್ಲಗೆ, “ಶಾಣ್ಯಾ ಅದಿ,” ಎಂದರು. ಅವರ ಬಾಯಿಂದ ಏಲಕ್ಕಿ ವಾಸನೆ ಬಂತು.

ಎಂಟು ವರ್ಷದಲ್ಲಿ ಅವರು ಅವನಿಗೆ ಶಾಣ್ಯಾ, ಜಾಣ ಎಂದದ್ದು ಅದೇ ಮೊದಲು. ಹೊತ್ತ ಮಣ್ಣಿಗೆ ಅನ್ನಲಿಲ್ಲ, ಆರಿಸಿದ ಹನ್ನೊಂದು ಕಾಳಿಗೆ ಅನ್ನಲಿಲ್ಲ. ಆ ಒಂದು ಮಾತನ್ನು ಅವನಿಗೆ ನುಂಗಲಾಗಲಿಲ್ಲ. ಊಟಕ್ಕೆ ನಿಲ್ಲದೆ ತಾನಿರುವ ಖೋಲಿಗೆ ಹೋಗಿ ಪತ್ರಿಕೆಯ ಸಂಪಾದಕರಿಗೆ ಒಂದು ಪುಟ, ವಿಶ್ವವಿದ್ಯಾಲಯಕ್ಕೆ ಒಂದು ಪುಟ ಬರೆದ. ಸೋಮವಾರ ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಎರಡನ್ನೂ ರಜಿಸ್ಟರ್ ಮಾಡಿದ.

ಉತ್ತರ ಬರಲು ಐದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಕಾಲೇಜಿನಲ್ಲಿ ಅವನ ಜೊತೆ ಚಹಾ ಕುಡಿಯುವುದನ್ನು ಎಲ್ಲರೂ ಬಿಟ್ಟಿದ್ದರು. ತಪ್ಪು ಮಾಡಿದ್ದಕ್ಕಲ್ಲ, ಹೇಳಿದ್ದಕ್ಕೆ. ಸರ್ ಮನೆಗೆ ಮಾತ್ರ ಹಬ್ಬಹುಣ್ಣಿಮೆಗೆ ಜನ ಹೋಗಿಬರುತ್ತಲೇ ಇದ್ದರು. ಪದವಿ ರದ್ದಾಯಿತು, ನೌಕರಿಯೂ ಹೋಯಿತು. ಪತ್ರಿಕೆಯಲ್ಲಿ ನಾಲ್ಕು ಸಾಲು ಅಚ್ಚಾಗಿದ್ದವು. ನಾಲ್ಕನೆಯ ಸಾಲು: ಐಗಳಿಯ ಬಾವಿಯಿಂದ ವರದಿಯಾದ ಎಲ್ಲ ಮಾದರಿಗಳನ್ನೂ ಇನ್ನು ಮುಂದೆ ಯಾರೂ ಆಧಾರವಾಗಿ ಬಳಸಬಾರದು. ಎಲ್ಲ ಎಂಬ ಶಬ್ದವನ್ನು ಅವನು ಮತ್ತೆ ಮತ್ತೆ ಓದಿದ.

ಮರುದಿನ ಐಗಳಿಗೆ ಹೋದ. ಧರೆಪ್ಪ ಎಂಟು ವರ್ಷದಿಂದ ಬಾವಿಯನ್ನು ಆಳ ಮಾಡಬೇಕೆಂದು ಕಾದಿದ್ದ. ಪ್ರತಿ ಬೇಸಿಗೆಗೂ, “ಒಡಸ್ಲೇನ್ರಿ, ಸರ?” ಎಂದು ಕೇಳುವುದು, ಜಯಪಾಲ ಇನ್ನೊಂದು ವರ್ಷ ಎನ್ನುವುದು. ಆ ಬಾಯಿಮಾತಿಗೇ ಧರೆಪ್ಪ ತಡೆದು ನಿಂತಿದ್ದ; ದ್ರಾಕ್ಷಿಗೆ ತಮ್ಮನ ಬಾವಿಯಿಂದ ಪೈಪು ಎಳೆದುಕೊಂಡಿದ್ದ.

“ಒಡಸ್ರಿ, ಧರೆಪ್ಪಣ್ಣಾ,” ಎಂದ ಜಯಪಾಲ.

“ಮತ್ತ ಮೀನದ್ದು?”

“ಮುಗೀತು. ಅದನ್ನ ಇನ್ನ ಯಾರೂ ಕೇಳಂಗಿಲ್ಲ.”

“ಹಂಗಂದ್ರ ಇದರಾಗ ಏನೂ ಇರ್ಲಿಲ್ಲೇನ್ರಿ? ಎಂಟ್ ವರ್ಷ ಸುಮ್ಮನ ಕಾದ್ನೇನ ನಾ?”

“ಇತ್ತು. ಈಗೂ ಐತಿ.”

ಧರೆಪ್ಪ ಅವನ ಮುಖ ನೋಡಿದ. ವಾರದೊಳಗೆ ಬಂಡೆ ಒಡೆಯುವ ಮದ್ದಿನವರನ್ನು ಕರೆಸಿದ, ಜಯಪಾಲನಿಗೂ ಹೇಳಿಕಳಿಸಿದ. ಬತ್ತಿ ಹಚ್ಚಿ ಎಲ್ಲರೂ ಬೇವಿನ ಮರದ ಹಿಂದೆ ಓಡಿದರು. ನೆಲ ಎರಡು ಸಲ ನಡುಗಿತು. ಹೊಗೆ ಇಳಿದ ಮೇಲೆ ಯಾರಿಯ ಹಗ್ಗ-ರಾಟೆ ಕಟ್ಟಿ ಒಡೆದದ್ದನ್ನು ಬುಟ್ಟಿಬುಟ್ಟಿಯಾಗಿ ಮೇಲಕ್ಕೆ ಎಳೆಯತೊಡಗಿದರು. ಮೊದಲು ಕರಿಕಲ್ಲು ಬಂತು. ಮಧ್ಯಾಹ್ನದ ಹೊತ್ತಿಗೆ ಬೂದುಮಣ್ಣು ಬಂತು.

ಧರೆಪ್ಪ ಒಂದು ಮುಷ್ಟಿ ತೆಗೆದು ಹಿಚುಕಿ ನೋಡಿದ. “ಮೆತ್ತಗ ಐತಿ, ಚಲೋ ಮಣ್ಣು. ದ್ರಾಕ್ಷಿ ಬುಡಕ್ಕ ಹಾಕ್ರೆವಾ,” ಎಂದು ಹೆಂಗಸರಿಗೆ ಕೂಗಿದ. ಅವರು ಸಾಲು ಹಿಡಿದು ಹೊತ್ತರು. ಪ್ರತಿ ಗಿಡದ ಬುಡಕ್ಕೆ ಒಂದು ಬುಟ್ಟಿ ಸುರಿದು, ಕಾಲಿನಿಂದ ತುಳಿದು ಒತ್ತಿ ಮುಂದಕ್ಕೆ ಹೋಗುತ್ತಿದ್ದರು.

“ನೋಡ್ಕೋತ ಯಾಕ ನಿಂತ್ರಿ, ಸರ? ಒಂದ ಕೈ ಹಚ್ರಿ,” ಎಂದ ಧರೆಪ್ಪ, ನಗುತ್ತ.

ಜಯಪಾಲ ಬುಟ್ಟಿ ಎತ್ತಿ ಹೆಗಲಿಗೆ ಇಟ್ಟುಕೊಂಡ. ಸಾಲಿನ ಮೂರನೆಯ ಗಿಡದ ಹತ್ತಿರ ನಿಂತು ಸುರಿದ. ಹಿಂದಿನಿಂದ ಬರುವ ಹೆಂಗಸು ಬುಟ್ಟಿ ಹೊತ್ತು ಕಾಯುತ್ತಿದ್ದಳು. ಅವನು ಕಾಲೆತ್ತಿ ಆ ಬೂದುಮಣ್ಣನ್ನು ತುಳಿದ, ಸುತ್ತಲೂ ಸರಿಯಾಗಿ ಒತ್ತಿದ.