ಮೇಲಿನ ಸಾಲಿನ ಒಂಟಿ ಗುಂಡಿ

ಆಮೆ ಈ ಸಲವೂ ಮೇಲಿನ ಸಾಲಿನ ಒಂಟಿ ಗುಂಡಿಯನ್ನು ಮುಟ್ಟಲಿಲ್ಲ.

ಮುಟ್ಟಿದ್ದರೆ ಗೆಲ್ಲುತ್ತಿತ್ತು. ಫೋನಿನ ಪರದೆಯ ಮೇಲೆ ಉಳಿದಿದ್ದದ್ದೇ ಅಷ್ಟು: ಮೇಲೆ ಒಂದು, ಅದರ ಕೆಳಗೆ ಎರಡು, ಅದರ ಕೆಳಗೆ ಇನ್ನೆರಡು. ಸರದಿ ಬಂದಾಗ ಯಾವುದಾದರೂ ಒಂದೇ ಸಾಲಿನಿಂದ ಎಷ್ಟು ಬೇಕಾದರೂ ತೆಗೆಯಬಹುದು, ಕಟ್ಟಕಡೆಯದನ್ನು ತೆಗೆದವರು ಸೋತಂತೆ, ಆಟ ಇಷ್ಟೇ. ಮೇಲಿನದನ್ನು ಎತ್ತಿಬಿಟ್ಟಿದ್ದರೆ ದರ್ಜಿಯಕ್ಕ ಏನೇ ತಿಪ್ಪರಲಾಗ ಹಾಕಿದರೂ ಕಡೆಯ ಗುಂಡಿ ಅವಳ ಕೊರಳಿಗೇ ಬೀಳುತ್ತಿತ್ತು. ಆಮೆ ಯೋಚಿಸಿ ಯೋಚಿಸಿ ಕೆಳಗಿನ ಸಾಲಿನಿಂದ ಒಂದನ್ನು ತೆಗೆಯಿತು. ಅವಳು ಪಕ್ಕದ ಸಾಲಿನಿಂದ ಒಂದನ್ನು ತೆಗೆದಳು. ಮತ್ತೆ ಅದೊಂದು, ಇವಳೊಂದು. ಕೊನೆಗೆ ಮೇಲಿನ ಒಂಟಿ ಗುಂಡಿ ಆಮೆಯ ಪಾಲಿಗೆ ಉಳಿಯಿತು. ಸೋತ ಆಮೆ ಎಂದಿನ ಮರ್ಯಾದೆಯಿಂದ "ಚೆನ್ನಾಗಿ ಆಡಿದಿರಿ" ಎಂದಿತು.

ದರ್ಜಿಯಕ್ಕ ಫೋನನ್ನು ಮೆಷಿನ್ನಿನ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತಳು. ಮಡಿಲಲ್ಲಿ ಜಿಪ್ಪು ಕಿತ್ತ ಯಾರದೋ ಪ್ಯಾಂಟು ಹಾಗೇ ಬಿದ್ದಿತ್ತು.

ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಹರಿದದ್ದು ಕಾಣದ ಹಾಗೆ ಮಾಡುವುದು, ಇವೇ ಕೆಲಸ. ಜನ ದಪ್ಪವಾಗುವುದನ್ನು ಬಿಡುವತನಕ ತನಗೆ ಅನ್ನಕ್ಕೆ ಕೊರತೆಯಿಲ್ಲ ಎಂದು ಅವಳೇ ನಗುತ್ತಾಳೆ. ಮೆಷಿನ್ನು ಅಮ್ಮನದು. ಪಕ್ಕದಲ್ಲಿರುವ ಗುಂಡಿಗಳ ತಗಡಿನ ಡಬ್ಬಿಯೂ ಅಮ್ಮನದೇ.

ಫೋನಿಗೆ ಆಟ ಹಾಕಿಕೊಟ್ಟವಳು ತಮ್ಮನ ಮಗಳು. ಕಾಲೇಜಿಗೆ ಹೋಗುವ ಹುಡುಗಿ. ಅಪ್ಪನಿಗೂ ಅತ್ತೆಗೂ ಮಾತಿಲ್ಲದಿದ್ದರೂ ಅವಳು ಮಾತ್ರ ವಾರಕ್ಕೊಮ್ಮೆ ಬಂದು ಇಸ್ತ್ರಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಗೋಡೆ ನೋಡುತ್ತ ಕೂರುವುದು ಅವಳಿಗೆ ಹಿಡಿಸಲಿಲ್ಲ. ಲೆಕ್ಕದ ಆಟ, ತರ್ಕದ ಆಟ, ಒಗಟು ಎಲ್ಲ ಒಂದೇ ಕಡೆ ಸಿಗುವ ಒಂದು ತಾಣವಿದೆ, ತಲೆಗೆ ಒಳ್ಳೆಯದು ಎಂದು ಹಾಕಿಕೊಟ್ಟಳು. ಸುಡೊಕು ಎರಡು ದಿನ ನಡೆಯಿತು. ಹುಲಿ, ಹಸು, ಹುಲ್ಲನ್ನು ದೋಣಿಯಲ್ಲಿ ಹೊಳೆ ದಾಟಿಸುವ ಆಟದಲ್ಲಿ ಹಸುವನ್ನು ಹುಲಿಯ ಬಾಯಿಗೆ ಕೊಟ್ಟೂ ಕೊಟ್ಟೂ ಅತ್ತೆಗೆ ಬೇಜಾರಾಯಿತು. ಅಷ್ಟು ಕಷ್ಟಪಟ್ಟು ಹುಲಿಯನ್ನು ಯಾಕೆ ದಾಟಿಸಬೇಕು, ಅದು ಈಚೆ ದಡದಲ್ಲೇ ಇರಲಿ ಬಿಡು ಎಂದಳು. ಆಮೇಲೆ ಸಿಕ್ಕಿದ್ದು ಈ ಸಾಲುಗಳ ಆಟ. ಒಂದು, ಮೂರು, ಐದು, ಏಳು ಎಂದು ನಾಲ್ಕು ಸಾಲು. ಪರದೆಯ ಮೇಲಿದ್ದದ್ದು ಬರೀ ಬಣ್ಣದ ಚುಕ್ಕಿಗಳು. ಅವಳಿಗೆ ಕಂಡದ್ದು ಗುಂಡಿಗಳು.

ಈ ಆಟ ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಚಿಕ್ಕವರಿದ್ದಾಗ ಅವಳೂ ತಮ್ಮನೂ ಇದೇ ಡಬ್ಬಿಯ ಗುಂಡಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಆಡಿದ್ದಕ್ಕೆ ಲೆಕ್ಕವಿಲ್ಲ. ಎರಡು ಸಾಲು ಸಮ ಮಾಡಿ ಎದುರಾಳಿಗೆ ಕೊಟ್ಟರೆ ಮುಗಿಯಿತು, ಆಮೇಲೆ ಅವನು ತೆಗೆದಷ್ಟೇ ತಾನೂ ತೆಗೆಯುತ್ತ ಹೋದರೆ ಸಾಕು ಎಂಬ ಗುಟ್ಟನ್ನು ಅವಳು ಬಹಳ ಬೇಗ ಕಂಡುಕೊಂಡಿದ್ದಳು. ತಮ್ಮನಿಗೆ ಹೇಳಿರಲಿಲ್ಲ. ಪಾಪ, ಅವನು ಪ್ರತಿ ಆಟವೂ ಸೋಲುತ್ತಿದ್ದ.

ಹುಡುಗಿ ಒಬ್ಬ ಎದುರಾಳಿಯನ್ನೂ ಗೊತ್ತು ಮಾಡಿಕೊಟ್ಟಳು. ತನಗೆ ಗೊತ್ತಿರುವವರೇ, ಆಟ ಅಷ್ಟಕ್ಕಷ್ಟೇ, ಸ್ವಲ್ಪ ನೋಡಿಕೊಂಡು ಆಡಿ ಎಂದಳು. ಆ ತಾಣದಲ್ಲಿ ಹೆಸರಿಲ್ಲ, ಚಿತ್ರ ಮಾತ್ರ. ಎದುರಾಳಿಗೆ ಆಮೆ ಬಂದಿತ್ತು, ಅತ್ತೆಗೆ ಗೂಬೆ. ಮಾತಾಡುವ ಹಾಗೂ ಇಲ್ಲ. ಒತ್ತಿದರೆ ಹೋಗುವ ಸಿದ್ಧ ಮಾತುಗಳು ಮೂರು: ಚೆನ್ನಾಗಿ ಆಡಿದಿರಿ, ಇನ್ನೊಂದು ಆಟ?, ಇವತ್ತಿಗೆ ಸಾಕು.

ಮಳೆಗಾಲದಿಂದ ಹೀಗೆ ಆಮೆ ಸೋಲುತ್ತಲೇ ಬಂದಿತ್ತು. ದರ್ಜಿಯಕ್ಕನಿಗೆ ಅನುಮಾನ ಹತ್ತಿದ್ದು ನಿನ್ನೆ. ನಿನ್ನೆ ಆಮೆ ಬರಲಿಲ್ಲ. ತಾಣವೇ ಯಾವುದೋ ನರಿಯನ್ನು ಎದುರಿಗೆ ತಂದು ಕೂರಿಸಿತು. ನರಿ ಮೊದಲ ಸರದಿಯಲ್ಲೇ ಮೇಲಿನ ಒಂಟಿ ಗುಂಡಿಯನ್ನು ಹಾರಿಸಿಬಿಟ್ಟಿತು. ಹಾಗೆ ಮಾಡಬಾರದಲ್ಲ, ಅದು ಅಮ್ಮನದಲ್ಲವೇ, ಎಂದು ನಿಯಮಗಳ ಪುಟವನ್ನು ತೆಗೆದು ಮೇಲಿನಿಂದ ಕೆಳಗೆ ಓದಿದಳು. ಅಂಥ ನಿಯಮವೇ ಎಲ್ಲೂ ಇರಲಿಲ್ಲ.

ಇರುವುದಾದರೂ ಹೇಗೆ? ಅದು ಅವರ ಮನೆಯದು. ಗುಂಡಿ ಜೋಡಿಸುವಾಗ ಅಮ್ಮ ಮೆಷಿನ್ನಿನ ಮೇಲಿಂದಲೇ "ಮೇಲಿಂದು ನಂದು. ಕೊನೇವರೆಗೂ ಯಾರೂ ಮುಟ್ಟಕೂಡದು" ಅನ್ನುತ್ತಿದ್ದಳು. ಅದಕ್ಕೆಂದೇ ಅಂಚು ಸೀಳಿದ ಒಂದು ಕೆಂಪು ಗುಂಡಿ ಇತ್ತು. ಸೋತವರು ಅದನ್ನು ತಾವೇ ಹೋಗಿ ಅಮ್ಮನ ಕೈಗೆ ಕೊಡಬೇಕು. ಕುಳಿತಲ್ಲಿಂದ ಎಸೆಯುವ ಹಾಗಿಲ್ಲ. ಅಮ್ಮ ಹೊಲಿಗೆಯಿಂದ ತಲೆಯೆತ್ತದೆ "ಯಾರು ಸೋತಿದ್ದು?" ಎಂದು ಕೇಳುವಳು. ನಾನು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಅಮ್ಮ ಕೈ ಚಾಚುವಳು. ಗುಂಡಿ ಅಮ್ಮನ ಕೈಗೆ ಬಿದ್ದ ಮೇಲೆ ಆಟದ ಜಗಳವಿರಲಿ, ಬೇರೆ ಯಾವ ಜಗಳವಿರಲಿ, ಅಲ್ಲಿಗೆ ಮುಗಿಯಿತು. ಮತ್ತೆ ಎತ್ತಿದವರಿಗೆ ಬೆನ್ನಿಗೆ ಬೀಳುತ್ತಿತ್ತು.

ಇಷ್ಟು ದಿನ ಆಮೆಯೂ ಆ ಗುಂಡಿಯನ್ನು ಮುಟ್ಟಿರಲಿಲ್ಲ, ತಾನೂ ಮುಟ್ಟಿರಲಿಲ್ಲ. ಊರೆಲ್ಲ ಹೀಗೇ ಆಡುತ್ತದೆ ಎಂದುಕೊಂಡಿದ್ದಳು, ಪೆದ್ದಿ.

ಅವಳು ಹುಡುಗಿಗೆ ಫೋನು ಮಾಡಿದಳು. ಆಮೆ ಯಾರೇ ಎಂದು ನೇರವಾಗಿ ಕೇಳಿದಳು. ಆ ಕಡೆಯಿಂದ ಮೊದಲು ಬೈಬೇಡಿ ಅತ್ತೆ ಎಂಬ ಪೀಠಿಕೆ ಬಂತು.

"ನಿಮ್ಮಪ್ಪಂಗೆ ಗೊತ್ತಾ, ಈ ಕಡೆ ನಾನು ಅಂತ?"

"ಮೊದಲನೇ ದಿನಾನೇ ಗೊತ್ತಾಯ್ತು. ನಾನು ಹೇಳಿರಲಿಲ್ಲ, ನಿಜವಾಗ್ಲೂ. ಗೂಬೆ ಮೇಲಿನ ಗುಂಡಿ ಮುಟ್ತಾ ಇಲ್ಲ, ಇದು ನಮ್ಮನೆ ಗೂಬೆನೇ ಅಂದ್ರು."

ದರ್ಜಿಯಕ್ಕನಿಗೆ ನಗು ಬಂತು. ಅದೇನು ನಿಮ್ಮಪ್ಪ ಇಷ್ಟು ವಯಸ್ಸಾದರೂ ಆಟ ಕಲಿತಿಲ್ಲ ಎಂದು ಗೇಲಿ ಮಾಡಿದಳು. ಹುಡುಗಿ ಗೇಲಿಗೆ ಸೇರಲಿಲ್ಲ.

"ಅಪ್ಪ ಬೇರೆ ಯಾರ ಹತ್ರಾನೂ ಸೋಲಲ್ಲ ಅತ್ತೆ. ಕಂಪ್ಯೂಟರ್ ಜೊತೆ ಆಡಿದ್ರೂ ಗೆಲ್ತಾರೆ. ಎರಡು ಸಾಲು ಸಮ ಮಾಡಿ ಕೊಡೋ ಗುಟ್ಟು ನಂಗೆ ಹೇಳಿಕೊಟ್ಟಿದ್ದೇ ಅವರು. ಚಿಕ್ಕ ಹುಡುಗ ಇದ್ದಾಗಿಂದ ಗೊತ್ತಂತೆ."

ಫೋನು ಇಟ್ಟ ಮೇಲೆ ಅವಳು ಪ್ಯಾಂಟಿಗೆ ಜಿಪ್ಪು ಕೂರಿಸಲು ಹೋಗಿ ತಲೆಕೆಳಗು ಕೂರಿಸಿದಳು. ಬಿಚ್ಚಿದಳು. ಎರಡನೇ ಸಲವೂ ಅದೇ ಆಯಿತು. ಚಿಕ್ಕಂದಿನಿಂದ ಗೊತ್ತಿದ್ದೂ ಸೋತನೇ ಇವನು? ಆಗಿನ ತಮ್ಮ ಕಣ್ಣಮುಂದೆ ಬಂದ. ಸೋತ ಕೂಡಲೇ ಕೆಂಪು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಮೆಷಿನ್ನಿನ ಕಡೆ ಓಡುವನು. ನಾನು ಎಂದು ಹೇಳಿ, ಗುಂಡಿ ಕೊಟ್ಟು, ಹಿಡಿದ ಹೊಲಿಗೆ ಮುಗಿಯುವತನಕ ಅಮ್ಮನ ಮೊಣಕಾಲಿಗೆ ಒರಗಿ ನಿಲ್ಲುವನು. ಅಮ್ಮ ಒಂದು ಕೈಯಲ್ಲಿ ಬಟ್ಟೆ ಸರಿಸುತ್ತ ಇನ್ನೊಂದು ಕೈಯಿಂದ ಅವನ ಕೂದಲಿಗೆ ಅಂಟಿದ ದಾರದ ಚೂರು ತೆಗೆಯುವಳು. ಇವಳು ಗೆದ್ದ ಜಂಬದಲ್ಲಿ ನೆಲದ ಮೇಲೆ ಒಬ್ಬಳೇ ಗುಂಡಿಗಳನ್ನು ಬಳಿದು ಡಬ್ಬಿಗೆ ತುಂಬುತ್ತಿದ್ದಳು. ದಡ್ಡ ಯಾರು ಎಂದು ಈಗ ತಿಳಿಯಿತು.

ಅಂಥವನಿಗೆ ಅವಳು ಆಡಿದ ಮಾತು ಎಂಥದು! ಅಮ್ಮನ ಕೊನೆಯ ದಿನ ಅವನು ಬರಲಿಲ್ಲ. ಲಿಫ್ಟ್ ರಿಪೇರಿಯವನು, ಅಂದು ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಳಗೆ ಜನ ಸಿಕ್ಕಿಕೊಂಡಿದ್ದರು. ಲಿಫ್ಟ್ ಓಡಾಡುವ ಬಾವಿಗೆ ಹೋಗುವಾಗ ಫೋನನ್ನು ಮೇಲೆ ಚೀಲದಲ್ಲಿಟ್ಟು ಇಳಿಯಬೇಕೆಂಬುದು ಅವರ ಕೆಲಸದ ಕಟ್ಟಳೆ. ಇವಳು ಆಸ್ಪತ್ರೆಯಿಂದ ಫೋನು ಮಾಡಿದ್ದೇ ಮಾಡಿದಳು. ಅವನು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದಾಗ ಅಮ್ಮನ ಮುಖದ ಮೇಲೆ ಬಟ್ಟೆ ಹೊದಿಸಿಯಾಗಿತ್ತು. ನಾಲ್ಕು ಜನರ ಎದುರು ಇವಳು "ಅಮ್ಮನಿಗಿಂತ ನಿಂಗೆ ಲಿಫ್ಟೇ ಹೆಚ್ಚಾಯ್ತಲ್ಲ. ಇನ್ನು ನನ್ನ ಮೆಟ್ಟಿಲು ಹತ್ತಬೇಡ" ಎಂದುಬಿಟ್ಟಳು. ಅವತ್ತಿನಿಂದ ಅವನು ಮೆಟ್ಟಿಲು ಹತ್ತಲಿಲ್ಲ.

ತಪ್ಪು ತನ್ನದೆಂದು ಅವಳಿಗೆ ಆ ವಾರವೇ ಗೊತ್ತಿತ್ತು. ಅವನೇ ಬಂದು ಒಂದು ಮಾತು ಬೈದರೆ ಸಾಕು, ಸರಿಹೋಗುತ್ತದೆ ಎಂದು ಕಾದಳು. ಬರಲು ಅವನಿಗೆ ದಾರಿ ಎಲ್ಲಿತ್ತು? ಮೆಟ್ಟಿಲು ಹತ್ತಬೇಡ ಎಂದವಳು ಅವಳು. ಗುಂಡಿಯ ಡಬ್ಬಿ ಇದ್ದದ್ದೂ ಅವಳ ಹತ್ತಿರ. ಅವನ ಕೈಲಿ ಆಗುವುದು ಒಂದೇ, ದಿನಾ ಬಂದು ಸೋಲುವುದು. ಮಳೆಗಾಲದಿಂದ ಅವನು ಅದನ್ನೇ ಮಾಡುತ್ತಿದ್ದ. ಇವಳು ದಿನಾ ಗೆದ್ದು, ಫೋನು ಬದಿಗಿಟ್ಟು, ಇಸ್ತ್ರಿಗೆ ನೀರು ಹಾಕಿಕೊಳ್ಳುತ್ತಿದ್ದಳು.

ಮಾರನೇ ದಿನ ಊಟದ ಹೊತ್ತಿಗೆ ಆಮೆ ಬಂತು. ಗೂಬೆ ಎಂದಿಗಿಂತ ನಿಧಾನವಾಗಿ ಆಡಿತು. ಸೋಲಲೇಬೇಕೆಂದು ಕುಳಿತವನ ಎದುರು ಸೋಲುವುದು ಹುಡುಗಾಟವಲ್ಲ. ಅವಳಿಗೆ ಗೆಲುವಿನ ಲೆಕ್ಕವನ್ನೆಲ್ಲ ಒಳಮೈ ಹೊರಗೆ ಮಾಡಿ ನೋಡಬೇಕಾಯಿತು. ಗಿರಾಕಿಯೊಬ್ಬರು ಮೆಟ್ಟಿಲು ಹತ್ತಿ ಬಂದು ಕೋಟು ಆಯಿತೇ ಎಂದರು. ಅವಳು ತಲೆಯೆತ್ತದೆ ಬೆಂಚು ತೋರಿಸಿದಳು. ಸಾಲುಗಳು ಕರಗುತ್ತ ಬಂದು ಮತ್ತೆ ಅಲ್ಲಿಗೇ ಮುಟ್ಟಿದವು: ಮೇಲೆ ಅಮ್ಮನದು, ಕೆಳಗೆ ಎರಡು, ಅದರ ಕೆಳಗೆ ಎರಡು, ಸರದಿ ಆಮೆಯದು.

ಆಮೆ ಎಂದಿನಂತೆ ಒಂದನ್ನು ತೆಗೆಯಿತು. ಎಂದಿನಂತೆ ಆದರೆ ಅವಳೂ ಪಕ್ಕದ ಸಾಲಿನಿಂದ ಒಂದನ್ನು ತೆಗೆಯಬೇಕು. ಅವಳು ಎರಡನ್ನೂ ತೆಗೆದಳು.

ಈಗ ಉಳಿದದ್ದು ಕೆಳಗೊಂದು, ಮೇಲೊಂದು. ಆಮೆ ಯಾವುದನ್ನು ತೆಗೆದರೂ ಕಡೆಯದು ಗೂಬೆಗೇ. ಆಮೆ ಅಲ್ಲಾಡಲಿಲ್ಲ. ಬೆಂಚಿನ ಮೇಲಿನ ಗಿರಾಕಿ ಕೆಮ್ಮಿದರು. ಬಹಳ ಹೊತ್ತಾದ ಮೇಲೆ ಕೆಳಗಿನ ಗುಂಡಿ ಮಾಯವಾಯಿತು. ಅಮ್ಮನದನ್ನು ಅವಳಿಗೆ ಬಿಟ್ಟಿದ್ದ. ಅವಳು ಬೆರಳು ಇಟ್ಟಳು. ನೀವು ಸೋತಿರಿ ಎಂದು ಪರದೆಯ ಮೇಲೆ ಬಂತು.

ಆಮೆ ಚೆನ್ನಾಗಿ ಆಡಿದಿರಿ ಎನ್ನಲಿಲ್ಲ. ಸ್ವಲ್ಪ ತಡೆದು, ಹೆದರಿದಂತೆ, "ಇನ್ನೊಂದು ಆಟ?" ಎಂದಿತು. ಅವಳು "ಇವತ್ತಿಗೆ ಸಾಕು" ಒತ್ತಿ ಎದ್ದಳು. ಗಿರಾಕಿಗೆ ಕೋಟು ಕೊಟ್ಟು ಕಳಿಸಿದಳು. ಡಬ್ಬಿಯನ್ನು ಇಸ್ತ್ರಿ ಮೇಜಿನ ಮೇಲೆ ಸುರುವಿ, ಅಂಚು ಸೀಳಿದ ಕೆಂಪು ಗುಂಡಿಯನ್ನು ಹುಡುಕಿದಳು. ಅವನು ಇವತ್ತು ಎಲ್ಲಿದ್ದಾನೆಂದು ಹುಡುಗಿಯನ್ನು ಕೇಳಿ, ಬಾಗಿಲೆಳೆದುಕೊಂಡು ಮೆಟ್ಟಿಲಿಳಿದಳು.

ಎರಡು ಬೀದಿ ಆಚೆಯ ವಿಮಾ ಕಚೇರಿಯ ಕಟ್ಟಡ. ಲಿಫ್ಟ್ ಕೆಟ್ಟಿದೆ ಎಂಬ ರಟ್ಟು ನೇತುಹಾಕಿತ್ತು. ಗುಮಾಸ್ತರೊಬ್ಬರು ಅದರ ಮುಂದೆ ನಿಂತು, ಇದು ನೆಟ್ಟಗಿದ್ದ ದಿನ ತನಗೆ ರಜೆಯೇ ಇರುತ್ತದೆ ಎಂದು ಗೊಣಗಿ ಮೆಟ್ಟಿಲು ಹತ್ತಿದರು. ಕೆಳಮಹಡಿಯ ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಹಳದಿ ಪಟ್ಟಿ. ಪಟ್ಟಿಯ ಪಕ್ಕ ಉಪಕರಣದ ಚೀಲ, ಚೀಲದ ಮೇಲೆ ಊಟದ ಡಬ್ಬಿ, ಅದರ ಮುಚ್ಚಳಕ್ಕೆ ಒರಗಿಸಿಟ್ಟ ಫೋನು. ಪಟ್ಟಿಯ ಆಚೆ, ಲಿಫ್ಟಿನ ಬಾವಿಯ ತಳದಲ್ಲಿ ತಮ್ಮ ನಿಂತಿದ್ದ. ಅವನ ತಲೆ ಅವಳ ಕಾಲಿನ ಮಟ್ಟಕ್ಕಿತ್ತು. ಹಿಂಭಾಗದ ಕೂದಲು ಬೆಳ್ಳಗಾಗಿತ್ತು. ಅದನ್ನು ಅವಳು ನೋಡಿರಲಿಲ್ಲ.

ಸ್ಪ್ಯಾನರು ಒಮ್ಮೆ ನಿಂತಿತು. ಅವನು ಅವಳ ಚಪ್ಪಲಿಯನ್ನು ನೋಡಿದನೇನೋ. ಮತ್ತೆ ಬೋಲ್ಟಿನ ಕಡೆಗೇ ತಿರುಗಿ, ಬಿಗಿಯಾಗಿದ್ದದ್ದನ್ನೇ ಇನ್ನಷ್ಟು ಬಿಗಿ ಮಾಡತೊಡಗಿದ. ಅವಳು ಕೆಂಪು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಪಟ್ಟಿಯ ಅಂಚಿಗೆ ಬಂದಳು.

"ಯಾರು ಸೋತಿದ್ದು?" ಎಂದ ಅವನು, ತಲೆಯೆತ್ತದೆ.

"ನಾನು," ಅಂದಳು ಅಕ್ಕ.

ಅವನು ಕೈ ಚಾಚಿದ. ಅಂಗೈಯೆಲ್ಲ ಗ್ರೀಸು. ಅದನ್ನು ಕಂಡು ಹಿಂದಕ್ಕೆ ಎಳೆದುಕೊಂಡು, ಪ್ಯಾಂಟಿಗೆ ಒರೆಸಿ, ಮತ್ತೆ ಚಾಚಿದ.